ಮೊಣಕಾಲಿನ ಕಲೆ

ಅವನ ಆಟ ನಾನು ನೋಡಿದ್ದು ಕಡಿಮೆ.
ನೋಡಿದ್ದೆಲ್ಲ ಅವನ ಬಟ್ಟೆ.

ಅಲಬಾಮಾದ ಆ ಸಣ್ಣ ಕಾಲೇಜಿನ ಕ್ರೀಡಾಂಗಣದ ಕೆಳಗೆ
ಕಿಟಕಿಯಿಲ್ಲದ ಕೋಣೆ, ನಾಲ್ಕು ಯಂತ್ರ, ಬ್ಲೀಚಿನ ಘಾಟು,
ಇಪ್ಪತ್ತಾರು ವರ್ಷ ನಾನು.
ಮೇಲೆ ಜನ ಕುಣಿದರೆ ಚಾವಣಿಯಿಂದ ಸುಣ್ಣ ಉದುರುತ್ತಿತ್ತು.
ಉದುರಿದ್ದು ಎಷ್ಟೆಂದು ನೋಡಿಯೇ ಗೆಲುವೋ ಸೋಲೋ ಹೇಳುತ್ತಿದ್ದೆ.

ಡೆಲ್ಮರ್ ಹಾಸ್ಕಿನ್ಸ್‌ಗೆ ನನ್ನ ಕಪಾಟಿನಲ್ಲಿ ಎರಡು ಗೂಡು.
ಎಲೆ ಉದುರುವಾಗ ಎಂಬತ್ತೊಂದು, ಫುಟ್‌ಬಾಲು:
ಹೆಗಲಲ್ಲಿ ಹುಲ್ಲಿನ ಹಸಿರು, ಕಾಲರಿನಲ್ಲಿ ಬೇರೆ ಯಾರದೋ ರಕ್ತ.
ಎಲೆ ಚಿಗುರುವಾಗ ಒಂಬತ್ತು, ಬೇಸ್‌ಬಾಲು:
ಎಡ ಮೊಣಕಾಲಿನಲ್ಲಿ ನಮ್ಮೂರ ಕೆಮ್ಮಣ್ಣು.
ಹುಲ್ಲಿಗೆ ವಿನಿಗರ್. ರಕ್ತಕ್ಕೆ ತಣ್ಣೀರು.
ಕೆಮ್ಮಣ್ಣಿಗೆ ಯಾವ ಮದ್ದೂ ಇಲ್ಲ, ಉಜ್ಜಬೇಕು.

ಎರಡು ದೋಣಿಯಲ್ಲಿ ಕಾಲಿಟ್ಟಿದ್ದಾನೆ ಎಂದರು ಕೋಚುಗಳಿಬ್ಬರೂ,
ದೋಣಿಗಳು ತಾವೇ ಎಂಬುದನ್ನು ಮರೆತು.
ಒಂದು ಏಪ್ರಿಲ್ ಶನಿವಾರ
ಬೆಳಿಗ್ಗೆಯೆಲ್ಲ ಮೊಟ್ಟೆಯಾಕಾರದ ಚೆಂಡಿನ ಹಿಂದೆ ಓಡಿ
ಮಧ್ಯಾಹ್ನದ ದುಂಡು ಚೆಂಡಿಗೆ ತಡವಾಗಿ
ನನ್ನ ಕೋಣೆಯಲ್ಲೇ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಪ್ಯಾಂಟು ಬದಲಿಸಿದ.
“ಮಿಸ್ ಲೋರೀನ್, ಆ ಕಡೆ ತಿರುಗಿ.”
“ಮೂವರು ಗಂಡುಮಕ್ಕಳ ತಾಯಿ ಕಣೋ ನಾನು, ಓಡು.”

ಆ ವರ್ಷದ ನವೆಂಬರಿನಲ್ಲಿ, ಕೆಸರಿನಲ್ಲಿ, ಬಲ ಹೆಗಲು.
ಅಂಗಿ ಬಿಚ್ಚಲಾಗದೆ ಕತ್ತರಿ ಹಾಕಿದ್ದರು.
ನನ್ನ ಕೈಗೆ ಬಂದದ್ದು ಎರಡು ತುಂಡು ಎಂಬತ್ತೊಂದು:
ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಒಂದು.
ಹೊಲಿದೆ. ಗೆರೆ ಕಾಣದಂತೆ ಹೊಲಿದೆ.
ಹೆಗಲನ್ನು ಡಾಕ್ಟರು ಅಷ್ಟು ಚೆನ್ನಾಗಿ ಹೊಲಿಯಲಿಲ್ಲ.

ಹನ್ನೆರಡನೆಯ ಸುತ್ತಿನಲ್ಲಿ ಅವನನ್ನು ಆರಿಸಿದ್ದು ಬೇಸ್‌ಬಾಲಿನವರು.
ಸಹಿಗೆ ಕೊಟ್ಟ ಹಣದಲ್ಲಿ
ಅವನ ತಾಯಿಯ ಅಡುಗೆಮನೆಗೆ ಒಗೆಯುವ ಯಂತ್ರ ಬಂತು.
ಯಾವ ಕಂಪನಿಯದು ಬಾಳಿಕೆ ಬರುತ್ತದೆಂದು ನನ್ನನ್ನೇ ಕೇಳಿದ್ದ.

ಆಮೇಲೆ ಏಳು ವರ್ಷ ಪೋಸ್ಟ್‌ಕಾರ್ಡು.
ಐಯೋವಾ: ಇಲ್ಲಿ ಮಣ್ಣು ಕಪ್ಪು, ನಿಮಗೆ ಇಷ್ಟವಾಗುತ್ತದೆ.
ಟೆಕ್ಸಸ್: ಇಲ್ಲಿ ಮಣ್ಣೇ ಇಲ್ಲ, ಬರೀ ಧೂಳು.
ಬಸ್ಸಿನಲ್ಲಿ ಹದಿಮೂರು ಗಂಟೆ, ದಿನದ ಊಟಕ್ಕೆ ಹನ್ನೊಂದು ಡಾಲರು.
ಮತ್ತೆ ಐಯೋವಾ. ಬರೆದದ್ದು ಒಂದೇ ಸಾಲು:
ತಿರುವಿನ ಚೆಂಡು ನನಗೆ ಇನ್ನೂ ಸುಳ್ಳು ಹೇಳುತ್ತದೆ.

ಎಂಟನೆಯ ಸೆಪ್ಟೆಂಬರಿನಲ್ಲಿ ಕರೆ ಬಂತು, ದೊಡ್ಡ ಲೀಗಿನಿಂದ.
ಆ ರಾತ್ರಿ ನಾಲ್ಕೂ ಯಂತ್ರ ನಿಲ್ಲಿಸಿ ರೇಡಿಯೋ ಹಾಕಿದೆ.
ಕೋಣೆಗೂ ಒಂದು ಮೌನವಿದೆ ಎಂದು ಅವತ್ತೇ ತಿಳಿದದ್ದು.
ಹೇಳುವವನಿಗೆ ಅವನ ಹೆಸರೇ ಸರಿಯಾಗಿ ಬರಲಿಲ್ಲ.
ಚೆಂಡನ್ನು ಮೆಲ್ಲಗೆ ತಟ್ಟಿ, ನೆಲಕ್ಕೆ ಹಾಕಿ, ಓಡಿದನಂತೆ
ಒಂಬತ್ತರ ಬಟ್ಟೆಯಲ್ಲಿ ಎಂಬತ್ತೊಂದರ ಕಾಲು.
ಮುಟ್ಟಿದ. ನಿಂತ. ಮುಂದಿನ ಎಸೆತಕ್ಕೆ ಎರಡನೆಯ ಬೇಸನ್ನೇ ಕದ್ದ.
ಎಡ ಮೊಣಕಾಲ ಮೇಲೆ ಜಾರಿದ್ದಾನೆ
ಎಂದು ಅವರು ಹೇಳಲಿಲ್ಲ. ನನಗೆ ಗೊತ್ತಿತ್ತು.

ಇಪ್ಪತ್ತೊಂದು ದಿನ. ಹದಿನಾಲ್ಕು ಸಲ ಬ್ಯಾಟು, ಮೂರು ಸಲ ಫಲ.
ಮರುವರ್ಷ ಹೆಗಲು ಎಸೆಯಲಾರೆ ಎಂದಿತು. ಅವರು ಹೋಗು ಎಂದರು.

ಕ್ರಿಸ್‌ಮಸ್‌ಗೆ ಮೊದಲು ಒಂದು ಪಾರ್ಸೆಲ್ಲು.
ತೆರೆದೆ: ಬಿಳಿ ಪ್ಯಾಂಟು, ಮೊಣಕಾಲಿಗೆ ಮಣ್ಣು.
ಕೈ ನನ್ನದು, ನೋಡಿ, ಕೇಳುವುದಿಲ್ಲ.
ಯಂತ್ರ ಅರ್ಧ ತಿರುಗಿದ ಮೇಲೆ ಹೊಳೆಯಿತು,
ಒಗೆಯಲೆಂದು ಯಾರು ಬಟ್ಟೆ ಅಂಚೆಗೆ ಹಾಕುತ್ತಾರೆ?

ಜೇಬಿನಲ್ಲಿ ಕಾಗದವಿತ್ತು. ಗಂಜಿಯಾಗಿತ್ತು.
ಹಬೆಯಲ್ಲಿ ಹಿಡಿದು ಬಿಡಿಸಿದೆ: ನನ್ನ ಹೆಸರು,
ಅದರ ಕೆಳಗೆ ಒಂದು ‘ಬೇಡಿ’.
ಏನು ಬೇಡವೋ.

ಈಗ ಮಾಂಟ್ಗಾಮರಿಯ ಬಳಿ ಟೈರು ಅಂಗಡಿ ಇಟ್ಟಿದ್ದಾನೆ,
ಭಾನುವಾರ ಫೋನು ಮಾಡುತ್ತಾನೆ.
ಪ್ಯಾಂಟು ಹೇಗಿದೆ, ಎನ್ನುತ್ತಾನೆ.
ಕಲೆ ಇನ್ನೂ ಹೋಗಿಲ್ಲ, ಎನ್ನುತ್ತೇನೆ.
ಸುಳ್ಳಲ್ಲ.